ಸಹಾಯ ಬೇಕ್ರಿ: ಎಂಜಿನ್‌ಎಕ್ಸ್ ಕಾನ್ಫಿಗ್‌ನ್ಯಾಗ ಬರೆದದ್ದ ಬರೆಯೋದು ಹೆಂಗ ತಪ್ಸೋದು?

ನಮಸ್ಕಾರ್ರೀ ಎಲ್ಲಾರಿಗೂ. ಗಂಗಾವತಿ ಕಡೆ ರೈಸ್ ಮಿಲ್‌ನೋರಿಗೆ ಬಿಲ್ಲಿಂಗು, ಸ್ಟಾಕ್ ನೋಡೋ ವೆಬ್ ಆ್ಯಪ್ ಮಾಡಿಕೊಡ್ತೀವಿ, ಒಂದೊಂದು ಮಿಲ್‌ಗೂ ಬ್ಯಾರೆ ಸಬ್‌ಡೊಮೈನ್, ಎಲ್ಲಾ ಒಂದ ಮಷಿನ್ ಮ್ಯಾಲ, ಮುಂದ ಎಂಜಿನ್‌ಎಕ್ಸ್ (ಬಂದ ರಿಕ್ವೆಸ್ಟ್ ಆಯಾ ಆ್ಯಪಿಗೆ ದಾಟ್ಸೋ ವೆಬ್ ಸರ್ವರ್) ಐತಿ. ಪ್ರತಿ ಸರ್ವರ್ ಬ್ಲಾಕ್‌ನ್ಯಾಗೂ (ಒಂದೊಂದು ಸಬ್‌ಡೊಮೈನ್‌ದು ಕಾನ್ಫಿಗ್ ಭಾಗ) ಅದ ಎಸ್ಎಸ್ಎಲ್ (ಎಚ್‌ಟಿಟಿಪಿಎಸ್) ಸಾಲು, ಅದ ಪ್ರಾಕ್ಸಿ ಹೆಡರು (ರಿಕ್ವೆಸ್ಟ್ ಜೋಡಿ ಆ್ಯಪಿಗೆ ಕಳಸೋ ಮಾಹಿತಿ), ಬದಲಾಗೋದು ಹೆಸರು ಮತ್ತ ಪೋರ್ಟ್ ಅಷ್ಟ.

ಕಾಮನ್ ಸಾಲೆಲ್ಲಾ ಒಂದು ಫೈಲಿಗೆ ಹಾಕಿ ಇನ್‌ಕ್ಲೂಡ್ ಮಾಡೀನಿ, ಎಸ್ಎಸ್ಎಲ್‌ದು ಚೊಲೋ ನಡದೈತಿ. ತಕರಾರಿರೋದು ಆ ಹೆಡರ್ ಬರೆಯೋ ಪ್ರಾಕ್ಸಿ_ಸೆಟ್_ಹೆಡರ್ ಸಾಲಿಂದು. ಅದನ್ನ ಸರ್ವರ್ ಲೆವೆಲ್‌ನ್ಯಾಗ ಇಟ್ರ, ವೇಬ್ರಿಜ್ ತೂಕ ಲೈವ್ ತೋರಿಸೋ ಲೊಕೇಶನ್ (ಸರ್ವರ್ ಬ್ಲಾಕ್‌ನ್ಯಾಗ ಒಂದು ಯುಆರ್‌ಎಲ್ ದಾರಿಗೆ ಬರೆಯೋ ಒಳಭಾಗ) ಒಳಗ ವೆಬ್‌ಸಾಕೆಟ್ (ತೆರೆದ ಇರೋ ಲೈವ್ ಕನೆಕ್ಷನ್) ಸಲುವಾಗಿ ಅಪ್‌ಗ್ರೇಡ್ ಹೆಡರ್ ಬರೆದ ಕೂಡ್ಲೇ ಮ್ಯಾಲಿನ ಹೋಸ್ಟು (ಕೇಳಿದ ಸೈಟಿನ ಹೆಸರು), ಎಕ್ಸ್-ಫಾರ್ವರ್ಡೆಡ್-ಫಾರ್ (ಕೇಳಿದೋರ ಐಪಿ) ಎಲ್ಲಾ ಮಾಯ, ಆ್ಯಪಿಗೆ ಮಿಲ್ ಹೆಸರಿನ ಬದ್ಲಿ 127.0.0.1 ಕಾಣ್ತದ. ರೂಲ ಹಂಗ ಐತ್ರಿ, ಒಳಗ ಒಂದು ಬರೆದ್ರೂ ಹೊರಗಿನವು ಒಂದೂ ಒಳಗ ಇಳಿಯಂಗಿಲ್ಲ. ಪ್ರತಿ ಲೊಕೇಶನ್‌ನ್ಯಾಗೂ ಇನ್‌ಕ್ಲೂಡ್ ಹಾಕಿದ್ರ ಮತ್ತ ಅದ ರಗಳೆ!

ಎಲ್ಲಾ ಸಬ್‌ಡೊಮೈನ್‌ಗೂ ನಡಿಯೋ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಐತಿ, ಅದಕ್ಕ ಮ್ಯಾಪ್ ಬಳಸಿ ಹೋಸ್ಟ್ ನೋಡಿ ಪೋರ್ಟ್ ಆರಿಸೋ ಹಂಗ ಒಂದ ಸರ್ವರ್ ಬ್ಲಾಕ್ ಮಾಡಿಬಿಡ್ಲೇನು? ಇಲ್ಲಾ ಆನ್ಸಿಬಲ್ (ಸರ್ವರ್ ಸೆಟಪ್ ತಾನಾಗೇ ಮಾಡೋ ಟೂಲ್) ಜಿಂಜಾ ಟೆಂಪ್ಲೇಟ್‌ನಿಂದ ಕಾನ್ಫಿಗ್ ಫೈಲ್ ತಯಾರ್ ಮಾಡೋದು ವಾಸಿಯೇನ್ರಿ? ನನಗ ಟೆಂಪ್ಲೇಟ್ ಅಷ್ಟಾಗಿ ಹಿಡಸಂಗಿಲ್ಲ, ಒಬ್ಬ ಮಿಲ್‌ನೋರಿಗೆ ಅಪ್‌ಲೋಡ್ ಲಿಮಿಟ್ ಜಾಸ್ತಿ ಬೇಕಂದ್ರ ಅಲ್ಲೇ ಇಫ್ ಮ್ಯಾಲ ಇಫ್ ಬೀಳ್ತಾವ. ಪ್ರೊಡಕ್ಷನ್‌ನ್ಯಾಗ ಮ್ಯಾಪ್ ನಡಿಸಿದೋರು ಯಾರರ ಇದ್ರ ಕಾನ್ಫಿಗ್ ತುಣುಕು ಹಾಕ್ರಿ.