ಲಡಾಕ್‌ನಲ್ಲಿ ಇಲಿ ಟ್ರ್ಯಾಪ್ ಇಡೋದು: ಚಳಿಗೆ ಪ್ರಾಣಿ ಸಾಯದ ಹಾಗೆ ಏನ್ ಮಾಡ್ಬೇಕು?

ನಂದಿತಪ್ಪಲು:
ಎಲ್ರಿಗೂ ನಮಸ್ಕಾರ, ನಾನು ಚಿಕ್ಕಬಳ್ಳಾಪುರದೋಳು, ಎಮ್ಮೆಸ್ಸಿ ಜುವಾಲಜಿ. ಈ ಬೇಸಿಗೆಗೆ ನಮ್ ಟೀಮ್ ಲಡಾಕ್‌ಗೆ ಹೋಗ್ತಿದೆ, 4,500 ಮೀಟರ್ ಮೇಲೆ ಬಂಡೆ ಸಂದಿಲಿರೋ ವೋಲ್‌ಗಳನ್ನ (ಗಿಡ್ಡ ಬಾಲದ ಇಲಿ ಜಾತಿ) ಹಿಡಿದು ತೂಕ ಅಳತೆ ತಗೊಂಡು ಅಲ್ಲೇ ಬಿಡೋದು. ಇಲ್ಲಿ ಬೆಟ್ಟದ ಕೆಳಗೆ ಶೆರ್ಮನ್ ಟ್ರ್ಯಾಪ್ (ಪ್ರಾಣಿನ ಜೀವಂತ ಹಿಡಿಯೋ ಅಲ್ಯೂಮಿನಿಯಂ ಡಬ್ಬಿ) ಇಟ್ಟು ಕಲ್ತಿದೀವಿ, ಸಂಜೆ ಇಟ್ಟು ಬೆಳಿಗ್ಗೆ ನೋಡಿದ್ರೆ ಆಯ್ತು. ಆದ್ರೆ ನಂದಿಬೆಟ್ಟದ ತುದಿನೇ 1,478 ಮೀಟರ್, ಲಡಾಕಲ್ಲಿ ಅಷ್ಟೆತ್ತರದಲ್ಲಿ ಬೇಸಿಗೆಲೂ ರಾತ್ರಿ ನೀರು ಹೆಪ್ಪುಗಟ್ಟುತ್ತಂತೆ, ಅಲ್ಯೂಮಿನಿಯಂ ಡಬ್ಬಿಲಿ ಅಷ್ಟು ಚಿಕ್ ಜೀವ ಹೆಂಗ್ ತಡ್ಕೊಳುತ್ತೆ? ಹತ್ತಿ ಹಾಕಿದ್ರೆ ಸಾಕಾ?

ಬಂಡೆಸಂದಿ:
ಹತ್ತಿ ಬೇಡಮ್ಮ. ಪ್ರಾಣಿ ಉಸಿರು, ಉಚ್ಚೆ ಎಲ್ಲಾ ತಗಡಿಗೆ ತಾಗಿ ನೀರಾಗುತ್ತೆ, ಹತ್ತಿ ಅದನ್ನ ಹೀರ್ಕೊಂಡು ತಣ್ಣಗಾಗ್ಬಿಡುತ್ತೆ. ಕುರಿ ಉಣ್ಣೆ ಹಾಕಿ, ನೆನೆದ್ರೂ ಬೆಚ್ಚಗಿಡುತ್ತೆ, ಲಡಾಕಲ್ಲಿ ಸಿಗುತ್ತೆ ಕೂಡ. ಟ್ರ್ಯಾಪ್ ಬಯಲಲ್ಲಿಡ್ಬೇಡಿ, ಬಂಡೆ ಬುಡಕ್ಕೆ ಒತ್ತಿ ಇಟ್ಟು ಮೇಲೆ ಕಲ್ಲು ಹುಲ್ಲು ಮುಚ್ಚಿ, ಹಗಲು ಬಿಸಿಲಿಗೂ ಅದೇ ರಕ್ಷಣೆ, ಅಷ್ಟೆತ್ತರದ ಬಿಸಿಲಲ್ಲಿ ತಗಡು ಕಾದು ಪ್ರಾಣಿ ಸಾಯೋದೂ ಉಂಟು. ಬಾಗಿಲ ಕಡೆ ಸ್ವಲ್ಪ ಇಳಿಜಾರಿರ್ಲಿ, ನೀರು ಒಳಗೆ ನಿಲ್ಲಲ್ಲ. ಪೀನಟ್ ಬಟರ್ ಓಟ್ಸ್ ಉಂಡೆನ ವಾಸನೆಗೆ ಅಂತ ಚೂರು ಇಡ್ಬೇಡಿ, ರಾತ್ರಿಯಿಡೀ ತಿನ್ನೋಷ್ಟು ಇಡಿ, ಹೊಟ್ಟೆ ತುಂಬಿದ್ರೇನೇ ಮೈ ಬಿಸಿ. ಮತ್ತೆ ಬೆಳಿಗ್ಗೆವರೆಗೂ ಕಾಯೋ ಮಾತೇ ಬೇಡ, ರಾತ್ರಿ ಮಧ್ಯೆ ಎದ್ದು ನೋಡ್ಲೇಬೇಕು, ಅದಕ್ಕೆ ಎಷ್ಟು ಟ್ರ್ಯಾಪ್ ನಡೆದು ನೋಡೋಕಾಗುತ್ತೋ ಅಷ್ಟೇ ಇಡಿ. ಮೂಗಿಲಿ (ಶ್ರೂ) ಬಿದ್ರಂತೂ ಕೆಲವೇ ಗಂಟೆ ಹಸಿವಿಗೆ ಸತ್ತೋಗುತ್ತೆ.

ಮಾವಿನ್ತೋಟ ಶ್ರೀನಿವಾಸಪುರ:
ನಾನು ರೈತ, ಲಡಾಕ್ ನೋಡಿಲ್ಲ, ಆದ್ರೆ ಇಲಿ ಎಲ್ಲಾದ್ರೂ ಇಲಿನೇ ಅಲ್ವಾ ತಾಯಿ, ನಡು ಬಯಲಲ್ಲಿ ಓಡಾಡಲ್ಲ, ಬದು ಪಕ್ಕ ಕಲ್ಲು ಪಕ್ಕ ಒಂದೇ ದಾರಿ ಹಿಡಿಯುತ್ತೆ. ಹಿಕ್ಕೆ, ಕಡಿದಿರೋ ಹುಲ್ಲು ನೋಡ್ಕೊಂಡು ಆ ದಾರಿಗೇ ಬಾಯಿ ಮಾಡಿ ಇಡಿ.

ಕೋಲಾರ ಲ್ಯಾಬ್:
ಗ್ಲೌಸ್ ಇಲ್ದೆ ಮುಟ್ಬೇಡಿ, ಸತ್ತಿರೋದನ್ನಂತೂ ಮುಟ್ಲೇಬೇಡಿ. ಚಿಗಟದಿಂದ ಪ್ಲೇಗು ಬರುತ್ತೆ, ಕರ್ನಾಟಕ ಆಂಧ್ರ ತಮಿಳುನಾಡು ಕೂಡೋ ನಮ್ ಗಡಿ ಕಡೆ ಕಾಡಿಲಿಗಳಲ್ಲೇ ಪ್ಲೇಗು ಇದ್ದ ಜಾಗ ಇದು, ಅದಕ್ಕೆ ಹೇಳ್ತಿದೀನಿ. ಬಟ್ಟೆ ಚೀಲಕ್ಕೆ ಬೀಳಿಸ್ಕೊಂಡು ಚೀಲದ ಸಮೇತ ತೂಗಿ. ವೈಲ್ಡ್‌ಲೈಫ್ ವಾರ್ಡನ್ ಪರ್ಮಿಷನ್ ಹೋಗೋ ಮುಂಚೆನೇ ಕೈಲಿರ್ಲಿ.

ನಂದಿತಪ್ಪಲು:
ಬಂಡೆಸಂದಿ ಸಾರ್, ಪೀಕಾನೂ ಇದೇ ಟ್ರ್ಯಾಪಿಗೆ ಬೀಳುತ್ತಾ?

ಬಂಡೆಸಂದಿ:
ಪೀಕಾ ಇಲಿನೇ ಅಲ್ಲಮ್ಮ, ಮೊಲದ ಬಳಗ, ಹುಲ್ಲು ಸೊಪ್ಪು ತಿನ್ನೋದು. ಚಿಕ್ ಶೆರ್ಮನ್ ಅದಕ್ಕೆ ಇಕ್ಕಟ್ಟು, ದೊಡ್ ಟ್ರ್ಯಾಪ್ ಬೇರೆ ಬೇಕು.