ಅಪ್‌ಡೇಟ್: ಡೀಸೆಲ್ ಮುಳ್ಳು ಕೊನೆಗೂ ಮೇಲೆದ್ದಿತು
ಹೋದ ವಾರ ಕೇಳಿದ್ದೆನಲ್ಲ, 2007ರ ಡೀಸೆಲ್ ಕಾರು, ಟ್ಯಾಂಕ್ ಫುಲ್ ಮಾಡಿಸಿದರೂ ಡೀಸೆಲ್ ಮೀಟರಿನ ಮುಳ್ಳು ಕಾಲು ಭಾಗ ದಾಟುವುದಿಲ್ಲ ಅಂತ. ಸರಿಯಾಯಿತು ಮಾರಾಯ್ರೆ, ಖರ್ಚು ಒಂದು ತುಂಡು ಸ್ಯಾಂಡ್‌ಪೇಪರ್!

ಫ್ಯೂಸ್ ನೋಡಿ ಅಂದವರಿಗೆ ಥ್ಯಾಂಕ್ಸ್, ಅದು ಸರಿಯೇ ಇತ್ತು. ಮೀಟರ್ ಬೋರ್ಡೇ ಬದಲಾಯಿಸಬೇಕು ಅಂದಿದ್ದ ಮೆಕ್ಯಾನಿಕ್ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು. ಕೆಲಸಕ್ಕೆ ಬಂದದ್ದು 'ಮೊದಲು ಅರ್ಥಿಂಗ್ ನೋಡಿ' ಅಂದವರ ಸಲಹೆ (ಅರ್ಥಿಂಗ್ ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ವಾಪಸ್ ಹೋಗುವ ಕನೆಕ್ಷನ್). ಭಾನುವಾರ ಹಿಂದಿನ ಸೀಟು ಎತ್ತಿ, ಟ್ಯಾಂಕ್ ಮೇಲಿನ ಮುಚ್ಚಳ ತೆಗೆದು, ಸೆಂಡರಿನ (ಡೀಸೆಲ್ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಭಾಗ) ಅರ್ಥ್ ವಯರಿಗೂ ಬಾಡಿಗೂ ನಡುವೆ ಇನ್ನೊಂದು ವಯರ್ ಸುಮ್ನೆ ಹಿಡಿದು ನೋಡಿದರೆ ಮುಳ್ಳು ನಿಧಾನಕ್ಕೆ ಎದ್ದು ಮುಕ್ಕಾಲಿಗೆ ಬಂತು. ಅರ್ಥ್ ಬೋಲ್ಟ್ ಪೂರ್ತಿ ತುಕ್ಕು. ಮಲ್ಪೆ ಹತ್ತಿರ ಮನೆ, ಉಪ್ಪು ಗಾಳಿ, ಅದರ ಮೇಲೆ ಮಳೆಗಾಲ, ಇನ್ನೇನಾಗುತ್ತದೆ ಅಲ್ವಾ? ಉಜ್ಜಿ, ಬಿಗಿ ಮಾಡಿ, ಮೇಲಿಂದ ಗ್ರೀಸ್ ಹಚ್ಚಿದೆ.

ನನಗೆ ಗೊತ್ತೇ ಇಲ್ಲದ ವಿಷಯ ಒಂದಿತ್ತು. ಈ ಕಾರಲ್ಲಿ ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಫ್ಲೋಟ್ ಮೇಲೆದ್ದಷ್ಟೂ ಸೆಂಡರಿನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಕಡಿಮೆ, ಹಾಗಾಗಿ ತುಕ್ಕಿನ ರೆಸಿಸ್ಟೆನ್ಸ್ ಸೇರಿಕೊಂಡರೆ ಮೀಟರಿಗೆ ಡೀಸೆಲ್ ಕಡಿಮೆ ಇದ್ದ ಹಾಗೇ ಕಾಣುತ್ತದೆ. ಕೆಲವು ಕಾರಲ್ಲಿ ಇದು ಉಲ್ಟಾ, ನೋಡಿಕೊಳ್ಳಿ. ಕಾರ್ಪೆಟ್ ಅಡಿ ಮಾತ್ರ ಇನ್ನೂ ಒದ್ದೆ, ನೀರು ಎಲ್ಲಿಂದ ಬರುತ್ತದೋ ಹುಡುಕಬೇಕು.