‘ಮ್ಯಾರೇಜ್ ಆಫ್ ಕನ್ವೀನಿಯನ್ಸ್’: ಅನುಕೂಲದ ಮದುವೆಯೋ, ಕುದುರಿಸಿಕೊಂಡ ಮದುವೆಯೋ?

ರೀಜೆನ್ಸಿ ಕಾಲದ, ಅಂದರೆ ರಾಜನ ಬದಲು ಯುವರಾಜ ಆಳುತ್ತಿದ್ದ ಕಾಲದ, ಇಂಗ್ಲೆಂಡಿನ ಒಂದು ಪ್ರೇಮ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಥೆ ಈ ಬಗೆಯ ಪುಸ್ತಕ ಓದುವವರಿಗೆಲ್ಲ ಗೊತ್ತಿರುವಂಥದ್ದೇ. ಸಾಲದಲ್ಲಿ ಮುಳುಗಿದ, ವೈಕೌಂಟ್ ಅನ್ನುವ ಬಿರುದಿನ ಕುಲೀನ ಒಬ್ಬ. ದುಡ್ಡಿದ್ದೂ ಮನೆತನದ ಹೆಸರಿಲ್ಲದ ವ್ಯಾಪಾರಿಯ ಮಗಳು ಒಬ್ಬಳು. ಇಬ್ಬರೂ ಎದುರುಬದುರು ಕೂತು, ಲೆಕ್ಕ ಹಾಕಿ ಮದುವೆಯಾಗುತ್ತಾರೆ. ಪ್ರೀತಿ ಹುಟ್ಟುವುದು ಅರ್ಧ ಪುಸ್ತಕ ಕಳೆದ ಮೇಲೆ. ಇಂಥ ಮದುವೆಗೆ ಇಂಗ್ಲಿಷಿನಲ್ಲಿ ‘ಮ್ಯಾರೇಜ್ ಆಫ್ ಕನ್ವೀನಿಯನ್ಸ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ ಅನ್ನುವುದು ನನ್ನ ಪ್ರಶ್ನೆ.

‘ಅನುಕೂಲದ ಮದುವೆ’ ಅಂತ ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ಭಾನುವಾರ ಮುಹೂರ್ತ, ಬಸ್‌ಸ್ಟ್ಯಾಂಡ್ ಹತ್ತಿರ ಛತ್ರ, ಗಾಡಿ ನಿಲ್ಲಿಸಲು ಜಾಗ: ಅದು ಅನುಕೂಲದ ಮದುವೆ! ‘ಅನುಕೂಲಸಿಂಧು’ ಅಂದರೆ ಪತ್ರಿಕೆಯ ರಾಜಕೀಯ ಪುಟ ನೆನಪಾಗುತ್ತದೆ. ‘ಹೊಂದಾಣಿಕೆ’ಯದೂ ಈಗ ಅದೇ ಗತಿ.

ಆದರೆ ‘ಅನುಕೂಲ’ವನ್ನು ಪೂರ್ತಿ ಬಿಡೋಕೂ ಮನಸ್ಸಿಲ್ಲ. ‘ಅವರು ಅನುಕೂಲಸ್ಥರು’, ‘ಹುಡುಗಿ ಮನೆಕಡೆ ಅನುಕೂಲವಾಗಿದ್ದಾರೆ’ ಅಂದಾಗ ನಾವು ದುಡ್ಡಿನ ವಿಷಯವನ್ನೇ ಮರ್ಯಾದೆಯಾಗಿ ಹೇಳುತ್ತಿರುತ್ತೇವೆ, ಅಲ್ವಾ? ವೈಕೌಂಟನಿಗೆ ಬೇಕಾದದ್ದೂ ಅದೇ. ಹಾಗಾಗಿ ಮಾತುಕತೆಯ ಒಳಗೆ ಈ ಪದ ಚೆನ್ನಾಗಿ ಕೂರುತ್ತದೆ. ‘ನನಗೆ ಹಣ ಬೇಕು, ನಿಮಗೆ ಹೆಸರು ಬೇಕು. ಇಬ್ಬರಿಗೂ ಅನುಕೂಲ’ ಅಂತ ಅವನ ಬಾಯಲ್ಲಿ ಹಾಕಿದೆ. ಸರಿಹೋಯಿತು. ಅದನ್ನೇ ತೆಗೆದು ಮದುವೆಗೆ ಹಣೆಪಟ್ಟಿ ಹಚ್ಚಿದರೆ ಮಾತ್ರ ಕೆಡುತ್ತದೆ.

‘ಒಪ್ಪಂದದ ಮದುವೆ’, ‘ಕರಾರಿನ ಮದುವೆ’ ಅನ್ನಬಹುದು ಅಂತ ಕೆಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಕರಾರು ಅಂದರೆ ಅದಕ್ಕೊಂದು ಅವಧಿ ಇರುತ್ತದೆ, ಮುಗಿದ ಮೇಲೆ ಬಿಡಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಬಿಡುವ ಮಾತೇ ಇರಲಿಲ್ಲ. ಮತ್ತೆ ಮದುವೆಯಾಗಲು ಅವಕಾಶ ಕೊಡುವಂಥ ವಿಚ್ಛೇದನ ಬೇಕಿದ್ದರೆ ಪಾರ್ಲಿಮೆಂಟು ಆ ಒಂದು ಜೋಡಿಗೋಸ್ಕರವೇ ಕಾಯಿದೆ ಮಾಡಬೇಕಿತ್ತು. 1857ರ ಕಾನೂನು ಬರುವವರೆಗೂ ಹಾಗೇ ನಡೆಯಿತು. ‘ತೋರಿಕೆಯ ಮದುವೆ’ ಅನ್ನುವುದೂ ಸಲ್ಲದು. ಅದು ವೀಸಾಕ್ಕಾಗಿ ಸಹಿ ಹಾಕುವವರ ಮದುವೆ. ನಮ್ಮ ವೈಕೌಂಟನಿಗೆ ವಾರಸುದಾರ ಬೇಕು, ಅದರಲ್ಲಿ ತೋರಿಕೆ ಏನೂ ಇಲ್ಲ!

ಇಂಗ್ಲಿಷಿನ ಈ ಮಾತು ಫ್ರೆಂಚಿನ ‘ಮಾರಿಯಾಜ್ ದ ಕೊನ್‌ವೆನಾನ್ಸ್’ನಿಂದ ಬಂದದ್ದು. ಅಲ್ಲಿ ಕೊನ್‌ವೆನಾನ್ಸ್ ಅಂದರೆ ಸುಖ ಸೌಕರ್ಯವಲ್ಲ, ತಕ್ಕದ್ದು, ಒಪ್ಪುವಂಥದ್ದು. ಅಂತಸ್ತಿಗೆ ಅಂತಸ್ತು, ಆಸ್ತಿಗೆ ಆಸ್ತಿ. ನಮ್ಮಲ್ಲಿ ‘ತಕ್ಕ ಸಂಬಂಧ’ ಅನ್ನುತ್ತೇವಲ್ಲ, ಹತ್ತಿರಹತ್ತಿರ ಅದೇ. ಆದರೆ ಕನ್ನಡದಲ್ಲಿ ತಕ್ಕ ಸಂಬಂಧ ಹುಡುಕುವವರು ಹಿರಿಯರು. ನನ್ನ ಕಥೆಯಲ್ಲಿ ಹುಡುಗ ಹುಡುಗಿ ತಾವೇ ಚೌಕಾಸಿಗೆ ಕೂತಿದ್ದಾರೆ. ರೋಚಕತೆ ಇರುವುದೂ ಅಲ್ಲೇ.

ಇಲ್ಲಿ ನೆರವಿಗೆ ಬಂದದ್ದು ‘ಕುದುರು’. ವ್ಯಾಪಾರ ಕುದುರುತ್ತದೆ, ಸಂಬಂಧವೂ ಕುದುರುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ, ಯಾರಿಗೂ ಮುಜುಗರವಿಲ್ಲ. ‘ಕುದುರಿಸಿದ ಮದುವೆ’ ಅಂದರೆ ಸೋದರಮಾವನೋ ದಲ್ಲಾಳಿಯೋ ಓಡಾಡಿ ಮಾಡಿಸಿದ್ದು. ‘ಕುದುರಿಸಿಕೊಂಡ ಮದುವೆ’ ಅಂದರೆ ತಾವೇ ಮಾಡಿಕೊಂಡದ್ದು. ಒಂದು ‘ಕೊಳ್ಳು’ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ.

ರೀಜೆಂಟನ ಮದುವೆಗೂ ಇದನ್ನು ಹಾಕಿ ನೋಡಿದೆ. 1811ರಿಂದ 1820ರವರೆಗೆ ಕಾಯಿಲೆ ಬಿದ್ದ ತಂದೆ ಮೂರನೇ ಜಾರ್ಜ್‌ನ ಬದಲು ಆಳಿದ ಯುವರಾಜ ಅವನು. 1795ರಲ್ಲಿ ಅವನ ಸಾಲ ಆರು ಲಕ್ಷ ಪೌಂಡು ದಾಟಿತ್ತು. ಮದುವೆಯಾದರೆ ಸಾಲ ತೀರುವ ದಾರಿ ಇತ್ತು. ಜರ್ಮನಿಯ ಬ್ರನ್ಸ್‌ವಿಕ್‌ನ ಕ್ಯಾರೊಲಿನ್‌ಳನ್ನು ಮುಖ ನೋಡದೆಯೇ ಒಪ್ಪಿಕೊಂಡ. ಮೊದಲ ಸಲ ನೋಡಿದಾಗ, ಮೈಗೆ ಹುಷಾರಿಲ್ಲ, ಒಂದು ಲೋಟ ಬ್ರಾಂದಿ ತನ್ನಿ ಅಂದನಂತೆ. ಮರುವರ್ಷ ಮಗಳು ಹುಟ್ಟಿದಳು, ಸ್ವಲ್ಪ ದಿನಕ್ಕೇ ಗಂಡ ಹೆಂಡತಿ ಬೇರೆಬೇರೆ. 1821ರ ಪಟ್ಟಾಭಿಷೇಕದ ದಿನ ಅವಳನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಒಳಗೂ ಬಿಡಲಿಲ್ಲ. ‘ಸಾಲ ತೀರಿಸೋಕೆ ಕುದುರಿಸಿಕೊಂಡ ಮದುವೆ’ ಅಂದರೆ ಪೂರ್ತಿ ಅರ್ಥವಾಗುತ್ತದೆ. ‘ಅನುಕೂಲದ ಮದುವೆ’ ಅಂದಿದ್ದರೆ ಕ್ಯಾರೊಲಿನ್‌ಗೆ ಅವಮಾನ.

(‘ರೀಜೆನ್ಸಿ’ಯನ್ನು ಹಾಗೇ ಬಿಟ್ಟಿದ್ದೇನೆ. ನಾಲ್ವಡಿಯವರು ಚಿಕ್ಕವರಿದ್ದಾಗ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರೀಜೆಂಟ್ ಆಗಿದ್ದರು. ಮೈಸೂರಿನವರಿಗೆ ಇದು ಹೊಸ ಪದವೇನಲ್ಲ. ‘ರಾಜಪ್ರತಿನಿಧಿ’ ಅಂದರೆ ವೈಸರಾಯ್ ನೆನಪಾಗುತ್ತಾನೆ.)

ಇನ್ನು ದುಡ್ಡಿನ ಪದಗಳು. ನಿಜವಾದ ತಲೆನೋವು ಇಲ್ಲಿದೆ. ಆಗ ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನ ಪಾಲಾಗುತ್ತಿತ್ತು, ಅವಳ ಜಮೀನಿನ ಆದಾಯವೂ ಅವನ ಕೈಗೆ. ಅದನ್ನು ತಡೆಯಲೆಂದೇ ಮದುವೆಗೆ ಮುಂಚೆ ಎರಡೂ ಕಡೆಯ ವಕೀಲರು ಕೂತು ‘ಸೆಟಲ್‌ಮೆಂಟ್’ ಬರೆಯುತ್ತಿದ್ದರು. ಹೆಣ್ಣು ತರುವ ಹಣ ‘ಪೋರ್ಷನ್’. ಅವಳ ಖಾಸಗಿ ಖರ್ಚಿಗೆ ವರ್ಷವರ್ಷ ಕೊಡುವುದು ‘ಪಿನ್ ಮನಿ’. ಗಂಡ ಸತ್ತರೆ ಅವಳಿಗೆ ಬರುವ ವಾರ್ಷಿಕ ಆದಾಯ ‘ಜಾಯಿಂಚರ್’.

ಪೋರ್ಷನ್‌ಗೆ ‘ವರದಕ್ಷಿಣೆ’ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಆ ಪದ ಬಂದರೆ ಓದುಗರ ತಲೆಗೆ 1961ರ ಕಾಯಿದೆ, ಪೊಲೀಸ್ ಠಾಣೆ ಎಲ್ಲ ಬರುತ್ತದೆ. ‘ಬಳುವಳಿ’ ಒಳ್ಳೆಯದು. ಹಳೆಯ ಪದ, ತವರಿಂದ ಮಗಳ ಜೊತೆ ಬಂದದ್ದು ಅನ್ನುವ ಅರ್ಥವೂ ಇದೆ. ಇತ್ತೀಚೆಗೆ ‘ಬ್ರಿಟಿಷರ ಬಳುವಳಿ’ ಅಂತ ಕಂಡಕಂಡದ್ದಕ್ಕೆಲ್ಲ ಬಳಸುತ್ತೇವೆ, ನಿಜ. ಆದರೂ ಮದುವೆಯ ಪುಟದಲ್ಲಿ ಗೊಂದಲವಾಗಲಾರದು. ಪಿನ್ ಮನಿಗೆ ‘ಕೈಖರ್ಚು’ ಸಾಕು. ಮೊದಲು ‘ಅರಿಶಿನ ಕುಂಕುಮದ ಹಣ’ ಅಂತ ಬರೆಯುವ ಆಸೆಯಿತ್ತು. ಆದರೆ ನಮ್ಮಲ್ಲಿ ಅರಿಶಿನ ಕುಂಕುಮಕ್ಕೆ ಅಂತ ಹೊಲ ಬರೆದುಕೊಡುವುದು ತವರಿನವರು, ಗಂಡನಲ್ಲ. ಅಷ್ಟೇ ಅಲ್ಲ, ಲಂಡನ್ನಿನ ವೈಕೌಂಟೆಸ್ ಕೈಗೆ ಕುಂಕುಮದ ಭರಣಿ ಕೊಟ್ಟಂತಾಗುತ್ತದೆ.

ಉಳಿದದ್ದು ಜಾಯಿಂಚರ್. ‘ಜೀವನಾಂಶ’ ಅಂದರೆ ಗಂಡನಿಂದ ಬೇರೆಯಾದವಳು ಕೋರ್ಟಿಗೆ ಹೋಗಿ ಪಡೆದದ್ದು ಅನ್ನಿಸುತ್ತದೆ. ‘ಪಿಂಚಣಿ’ ಅಂದರೆ ಸರ್ಕಾರಿ ನೌಕರಿ. ‘ವಿಧವಾ ವೇತನ’ ಅಂದರೆ ತಾಲ್ಲೂಕು ಕಚೇರಿಯ ಸಾಲು. ಗಂಡ ಬದುಕಿದ್ದಾಗಲೇ, ಮದುವೆಯ ದಿನಕ್ಕೂ ಮೊದಲೇ, ‘ನೀನು ಸತ್ತರೆ ನನಗೆಷ್ಟು’ ಅಂತ ಕೇಳಿ ಬರೆಸಿಕೊಂಡ ಹಣ ಇದು. ನನ್ನ ಕಥೆಯ ಹುಡುಗಿ ಮುಖಕ್ಕೆ ಮುಖ ಕೊಟ್ಟು ಇದನ್ನೇ ಕೇಳುತ್ತಾಳೆ, ಹಾಗಾಗಿ ಪದ ಚಿಕ್ಕದಿರಬೇಕು, ಬಾಯಲ್ಲಿ ಆಡುವಂತಿರಬೇಕು. ಹಳೆಯ ಆಸ್ತಿಪತ್ರ, ಕರಣಿಕರ ಕಾಗದ ಓದಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ: ಹೆಂಡತಿಯ ಜೀವಮಾನಕ್ಕೆ ಅಂತ ಗಂಡನ ಕಡೆಯವರು ಬಿಟ್ಟುಕೊಡುತ್ತಿದ್ದ ಆದಾಯಕ್ಕೆ ನಿಮ್ಮ ಕಡೆ ಏನನ್ನುತ್ತಿದ್ದರು?